ಗುಂಡಕಲ್ಲಿಗೆ ಹಾಡಿದ ಜೋಗುಳ

ನಾನು ನಿಂತಿದ್ದು ನಾಚಾರಂನ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ, ಹಾಲ್‌ನ ಕಡೆ ಮುಖ ಮಾಡಿ. ಭಾನುವಾರ ಮಧ್ಯಾಹ್ನ, ಊಟ ಮುಗಿದಿತ್ತು, ತಟ್ಟೆಗಳನ್ನಿನ್ನೂ ಎತ್ತಿರಲಿಲ್ಲ. ಊರಿನ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ಕೋರ್ಸುಗಳ ಪೋಸ್ಟರು ಅಂಟಿಸುತ್ತಿದ್ದ ವರ್ಷಗಳವು. ನನಗೂ ತೊಟ್ಟಿಲಿಗೂ ನಡುವೆ ಏನೂ ಅಡ್ಡ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ.

ತೊಟ್ಟಿಲನ್ನು ಹಾಲ್‌ನ ಕೊಂಡಿಗೆ ಕಟ್ಟಿದವನು ನನ್ನ ತಮ್ಮ. ಮೊದಮೊದಲು ಅವನು ಜನಪದ ಧಾಟಿಯಲ್ಲಿ ಪದ ಕಟ್ಟಿ, ಈ ತೆಲುಗು ಊರಿನ ಕನ್ನಡದವರ ಹಬ್ಬಗಳಲ್ಲಿ ಹಾಡುತ್ತಿದ್ದ. ಆಮೇಲೆ ಅಮೀರ್‌ಪೇಟ್‌ನಲ್ಲಿ ಕೋಚಿಂಗ್ ಸೆಂಟರೊಂದರ ಮೇಲಿನ ಕೋಣೆ ಹಿಡಿದು, ಕೀಬೋರ್ಡು, ಕಂಪ್ಯೂಟರು ಇಟ್ಟುಕೊಂಡು, ಸಾಫ್ಟ್‌ವೇರ್ ಕಂಪನಿಗಳ ಸಮಾರಂಭಗಳಿಗೆ ಎಲೆಕ್ಟ್ರಾನಿಕ್ ಸಂಗೀತ ಮಾಡಿಕೊಟ್ಟ. "ಡೊಳ್ಳಿನ ಸಪ್ಪಳ ಐತಿ, ಡೊಳ್ಳೆಲ್ಲಿ ಐತೋ?" ಎಂದು ಅವ್ವ ಕಾಡುತ್ತಿದ್ದಳು. ಈಗ ಮೊದಲ ಸಲ ಒಂದು ತೆಲುಗು ಸಿನಿಮಾದ ಹಿನ್ನೆಲೆ ಸಂಗೀತ ಕೈಗೆ ಬಂದಿತ್ತು. ಅದರಲ್ಲೊಂದು ಜೋಗುಳದ ದೃಶ್ಯ. ಕಂಪ್ಯೂಟರಿನಲ್ಲೇ ತಮ್ಮ ಹುಟ್ಟಿಸಿದ್ದ ತೊಟ್ಟಿಲ ಸದ್ದು ಕೇಳಿ ನಿರ್ದೇಶಕ, ಇದು ತೊಟ್ಟಿಲೋ ಲಿಫ್ಟೋ ಎಂದಿದ್ದ. ಆ ಸಂಜೆ ಮತ್ತೆ ಆ ಕೋಣೆಗೆ ಬರುವವನಿದ್ದ. ಆಗಲೂ ಒಪ್ಪದಿದ್ದರೆ ಇಡೀ ಸಿನಿಮಾ ಬೇರೆಯವರ ಪಾಲು.

ಹಾಗಾಗಿ ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ತಮ್ಮ ಇಳಿಸಿ, ಅದರ ಕೆಳಗೆ ಮೈಕ್ ಇಟ್ಟು ಅವ್ವನನ್ನು ಕರೆದ. ಅವನ ಹೆಂಡತಿ, ತುಂಬು ಬಸುರಿ, ಗೋಡೆಗೆ ಒರಗಿ ಕೂತಿದ್ದಳು.

"ಖಾಲಿ ತೊಟ್ಟಲಾ ತೂಗಂತಿಯೇನೋ? ಅದೂ ಬಸರಿ ಹೆಣ್ಮಗಳ ಮುಂದ?" ಎಂದಳು ಅವ್ವ.

"ಎರಡ ನಿಮಿಷ, ಅವ್ವಾ. ಸಂಜಿಗೆ ಆ ಮನಷ್ಯಾ ಬರ್ತಾನ."

"ಬರಲಿ. ಅವನ್ನ ಮಲಗಿಸಿ ತೂಗತೀನಿ."

ತಮ್ಮನ ಹೆಂಡತಿ ನಕ್ಕಳು. "ಒಂದು ದಿಂಬರ ಇಡೂಣೇನ್ರಿ, ಅತ್ತಿ?"

"ದಿಂಬಿಗೆ ಯಾರರ ಹಾಡತಾರೇನವಾ?"

ತಮ್ಮ ನಗಲಿಲ್ಲ. ಮೈಕಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ. ಅವ್ವ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ನನ್ನನ್ನು ಸರಿಸಿ ಅಡುಗೆಮನೆಗೆ ಹೋಗಿ ಗುಂಡಕಲ್ಲು ತೊಳೆದು ತಂದಳು. ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಇದೇ, ಮಸಾಲೆ ಅರೆಯುವ ಕಲ್ಲು. ತನ್ನ ಹಳೆಯ ಸೀರೆಯಲ್ಲಿ ಅದನ್ನು ಸುತ್ತಿದಳು. ತಲೆ ಯಾವ ಕಡೆ ಎಂದು ಯೋಚಿಸುವವಳಂತೆ ತುಸು ತಡೆದಳು. ಆಮೇಲೆ ಮಲಗಿಸಿದಳು.

ತೂಗುತ್ತ ಹಾಡಿದಳು. ಕಲ್ಲಿನ ಭಾರಕ್ಕೆ ಮೇಲಿನ ಕೊಂಡಿ ಕಿರುಗುಟ್ಟಿತು. ಜೋಗುಳದಲ್ಲಿ ಕೂಸಿನ ಹೆಸರು ಸೇರಿಸುವ ಜಾಗವೊಂದು ಬರುತ್ತದೆ. ಅಲ್ಲಿ ಅವ್ವ ಒಂದು ಹೆಣ್ಣುಮಗುವಿನ ಹೆಸರು ಹಿಡಿದು ಕರೆದಳು. ನಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಮತ್ತೊಮ್ಮೆ ಕರೆದಳು. ದನಿ ಅಲ್ಲಿಗೇ ನಿಂತಿತು, ಕೈ ಹಗ್ಗ ಬಿಟ್ಟಿತು. ತೊಟ್ಟಿಲು ಮಾತ್ರ ತಾನೇ ತೂಗಿಕೊಳ್ಳುತ್ತ, ನಿಧಾನವಾಗುತ್ತ, ಕೊನೆಗೆ ನಿಂತಿತು. ಅಲ್ಲಿಯವರೆಗೆ ನಾವ್ಯಾರೂ ಅಲುಗಾಡಲಿಲ್ಲ.

"ಯಾರವ್ವಾ ಅಕಿ?" ತಮ್ಮ ಕೇಳಿದ.

"ನಿಮ್ಮಕ್ಕ. ನೀವಿಬ್ಬರೂ ಹುಟ್ಟೂಕಿಂತ ಮೊದಲ. ಇದರಾಗ ಮಲಗತಿದ್ಳು."

ಅಷ್ಟೇ ಹೇಳಿದಳು. ಏನಾಯಿತು, ಎಷ್ಟು ದಿನದ ಕೂಸು, ಯಾವುದನ್ನೂ ನಾವು ಕೇಳಲಿಲ್ಲ. ನಮಗೊಬ್ಬ ಅಕ್ಕ ಇದ್ದಳೆಂದು ಅಪ್ಪನೂ ಬದುಕಿರುವವರೆಗೆ ಬಾಯಿಬಿಟ್ಟಿರಲಿಲ್ಲ.

ಆ ಹಾಡು ಕೇಳಿದರೆ ನಿರ್ದೇಶಕ ಮರುಮಾತಾಡುವುದಿಲ್ಲ ಎಂದು ತಮ್ಮನಿಗೂ ಗೊತ್ತಿತ್ತು, ನನಗೂ.

"ಇದನ್ನ ಕೊಡ್ಲೇನ, ಅವ್ವಾ?"

"ತೊಟ್ಟಲ ಸಪ್ಪಳ ತೊಗೊ. ಅಕಿ ಹೆಸರಿನ ಹಾಡು ಬ್ಯಾಡ."

"ಹಂಗಾರ ಹೆಸರು ಬಿಟ್ಟು ಇನ್ನೊಮ್ಮೆ ಹಾಡತೀಯಾ?"

"ಇನ್ನೊಮ್ಮೆ ಆಗೂದಿಲ್ಲಪಾ."

ಅವ್ವನ ಮುಂದೆಯೇ ಕೂತು ಹಾಡಿನ ಭಾಗವನ್ನೆಲ್ಲ ತಮ್ಮ ಅಳಿಸಿದ. ಉಳಿದದ್ದು ಹಾಡು ನಿಂತ ಮೇಲೆ ತೊಟ್ಟಿಲು ಒಂದೇ ತೂಗಿಕೊಂಡ ಸದ್ದು.

ಸಂಜೆ ಅಮೀರ್‌ಪೇಟ್‌ಗೆ ನಾನೂ ಜೊತೆಗೆ ಹೋದೆ. ನಿರ್ದೇಶಕ ಅದನ್ನು ಕೇಳಿ, "ಪಾಟ ಏದಿ?" ಎಂದ, ಹಾಡೆಲ್ಲಿ ಎಂದು. "ಲೇದು ಸಾರ್," ಇಲ್ಲ ಎಂದ ತಮ್ಮ. ಅವನ ಕಿವಿ ಕೆಂಪಾಗಿತ್ತು. ನಿರ್ದೇಶಕ ಸಿಡುಕಿದ, ಎದ್ದು ಹೋಗಿ ಚಹಾ ಕುಡಿದು ಬಂದ, ಮತ್ತೆ ಹಾಕಿಸಿ ಕೇಳಿದ. ಕೊನೆಗೆ, ತಾಯಿ ಹಾಡುವ ಶಾಟ್ ತೆಗೆದುಹಾಕಿ ಬರೀ ತೊಟ್ಟಿಲು ಇಡುತ್ತೇನೆ, ಇದೇ ಇರಲಿ ಎಂದ. ಅಲ್ಲಿಂದ ಮುಂದೆ ತಮ್ಮನಿಗೆ ಸಿನಿಮಾಗಳು ಬರುತ್ತಲೇ ಹೋದವು.

ಆ ಮೊದಲ ಸಿನಿಮಾ ಬಿಡುಗಡೆಯಾದಾಗ ತಮ್ಮನ ಕೂಸು ಅವ್ವನ ತೊಡೆಯ ಮೇಲಿತ್ತು. ಥಿಯೇಟರಿನ ಕತ್ತಲಲ್ಲಿ ಆ ಸದ್ದು ಬಂದಾಗ ಅವ್ವ ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು. ಸದ್ದು ನಿಲ್ಲುವವರೆಗೆ ತೆಗೆಯಲಿಲ್ಲ.

ಅವ್ವ ಈಗಿಲ್ಲ. ನಿರ್ದೇಶಕ ಕೇಳಿದ್ದು ತೊಟ್ಟಿಲಿನ ಸದ್ದನ್ನು ಮಾತ್ರ. ಆ ಮಧ್ಯಾಹ್ನ ಹಾಲ್‌ನಲ್ಲಿದ್ದವರಲ್ಲಿ ನಾನಿದ್ದೇನೆ, ನನ್ನ ತಮ್ಮನಿದ್ದಾನೆ, ಅವನ ಹೆಂಡತಿ ಇದ್ದಾಳೆ. ಅಕ್ಕನ ಹೆಸರು ಕೇಳಿದವರು ನಾವು ಮೂವರೇ.