ಕೀಲಿಗೊಂಚಲು ಹಿಡಿದ ಮೂವತ್ತಾರು ವರ್ಷ

ನಮ್ಮ ಸಭೆಯಲ್ಲಿ ಪ್ರಸಂಗ ಮಾಡಿದವರು ಹಲವರು, ಅದನ್ನು ಕೇಳಿ ತಲೆದೂಗಿದವರು ನೂರಾರು, ತೂಕಡಿಸಿದವರು ಅದಕ್ಕೂ ಹೆಚ್ಚು. ಆದರೆ ಮೂವತ್ತಾರು ವರ್ಷ ಎಲ್ಲರಿಗಿಂತ ಮೊದಲು ಬಂದು ಚರ್ಚಿನ ಬಾಗಿಲು ತೆರೆದವರು ಒಬ್ಬರೇ. ಮಕ್ಕಳ ಬಾಯಲ್ಲಿ ‘ಕೀಲಿ ತಾತ’ ಆಗಿರುವ ಆ ಹಿರಿಯರ ನಿವೃತ್ತಿಯ ಸಂಪುಟಕ್ಕೆ ಒಂದು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಒಲೆಯ ಮೇಲೆ ಹಾಲಿಟ್ಟು ಬಂದು ಕುಳಿತೆ. ಹಾಲು ಎರಡು ಸಲ ಉಕ್ಕಿತು. ಹೇಳಬೇಕಾದ ವಿಷಯ ಅಂಥದ್ದು.

ಗಂಟೆ ಬಾರಿಸಲೆಂದು ಸೇರಿದ ಅವರು, ಬೆಂಚು ಒರೆಸುವುದು, ಮೇಣದಬತ್ತಿ ಹಚ್ಚುವುದು, ಜನ ಮರೆತುಹೋದ ಕೊಡೆಗಳನ್ನು ಮನೆಮನೆಗೆ ಮುಟ್ಟಿಸುವುದು, ಎಲ್ಲವನ್ನೂ ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಅವರದೊಂದು ಕ್ರಮವಿತ್ತು. ಆರಾಧನೆಗೆ ಹತ್ತು ನಿಮಿಷ ಮೊದಲು ಸಭಾಪಾಲಕರು ಪಕ್ಕದ ಕೋಣೆಯಲ್ಲಿ ಪ್ರಾರ್ಥನೆಗೆ ಕುಳಿತರೆ, ಸೋರುವ ಚಾವಣಿ, ಸೊಸೆಯ ದೂರು ಹಿಡಿದು ಬರುವವರು ಅವರನ್ನು ಕಾಡದಿರಲೆಂದು ಇವರು ಹೊರಗಿನಿಂದ ಬೀಗ ಹಾಕಿ, ಗಂಟೆ ಬಾರಿಸಿದ ಮೇಲೆ ಬಂದು ತೆರೆಯುತ್ತಿದ್ದರು.

ಹದಿನಾರು ವರ್ಷದ ಹಿಂದೆ ನನ್ನ ಮಗಳಿಗೆ ಒಂದೂವರೆ ವರ್ಷ. ಪ್ರಾರ್ಥನೆ ಶುರುವಾದರೆ ಅವಳ ರಾಗವೂ ಶುರು. ಇವಳು ಶಾಲೆಗೆ ಸೇರುವ ತನಕ ಚರ್ಚಿನ ಗೊಡವೆ ಬೇಡವೆಂದು ನಿಶ್ಚಯಿಸಿ ಮೆಟ್ಟಿಲು ಇಳಿಯುತ್ತಿದ್ದಾಗ ಅವರು ಅಡ್ಡ ಬಂದರು.

“ಕೂಸು ಅತ್ತರೆ ದೇವರಿಗೇನೂ ನಿದ್ದೆ ಕೆಡಲ್ಲ ಕಣಮ್ಮ. ಕೆಡೋದು ಮೂರನೇ ಬೆಂಚಿನವರಿಗೆ. ಅವರು ಎದ್ದಿರ್ಲಿ ಬಿಡಿ.”

ಹಾಗೆಂದು ಕೀಲಿಗೊಂಚಲನ್ನು ಮಗುವಿನ ಕೈಗಿತ್ತರು. ಅಳು ಗಪ್‌ಚಿಪ್. ಅಂದಿನಿಂದ ಪ್ರತಿ ಭಾನುವಾರ ಬೀಗ ಹಾಕಿದ ಕೂಡಲೇ ಗೊಂಚಲು ಯಾರ ಗಮನಕ್ಕೂ ಬಾರದಂತೆ ನಮ್ಮ ಬೆಂಚಿಗೆ ಬರುತ್ತಿತ್ತು.

ಒಂದು ಭಾನುವಾರ ಅವರು ಗಂಟೆ ಬಾರಿಸಿ ಬಂದು ನೋಡಿದರೆ ಮಗುವಿನ ಕೈ ಖಾಲಿ. ಸಭೆಗೆ ಸಭೆಯೇ ಬೆಂಚಿನಡಿ ಹುಡುಕಿತು. ಅಷ್ಟು ಮಂದಿ ಒಟ್ಟಿಗೆ ಮೊಣಕಾಲೂರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಭಾಪಾಲಕರು ಒಳಗಿನಿಂದಲೇ ಆರಂಭದ ಪ್ರಾರ್ಥನೆ ಮಾಡಿದರು, ನಾವು ಬಾಗಿಲಿಗೆ ‘ಆಮೆನ್’ ಹೇಳಿದೆವು. ಕೊನೆಗೆ ಆ ಸ್ಥೂಲಕಾಯರು ನಿಲುವಂಗಿ ಎತ್ತಿ ಕಟ್ಟಿಕೊಂಡು ಕಿಟಕಿಯಿಂದ ಇಳಿದುಬಂದರು. ಅಂದಿನ ಪ್ರಸಂಗ, ಬಾಗಿಲು ಬಿಟ್ಟು ಬೇರೆ ದಾರಿಯಿಂದ ಹತ್ತಿ ಬರುವ ಬೈಬಲಿನ ಕಳ್ಳನ ಕುರಿತಾಗಿತ್ತು. ಯಾರೂ ತೂಕಡಿಸಲಿಲ್ಲ.

ಕೀಲಿ ಎಲ್ಲಿ ಎಂದು ಸಮಿತಿಯವರು ಅಲ್ಲೇ ಕೇಳಿದಾಗ ಕೀಲಿ ತಾತ ನನ್ನತ್ತ ನೋಡದೆ, ತಾವೇ ಎಲ್ಲೋ ಇಟ್ಟು ಮರೆತಿರುವುದಾಗಿ ಹೇಳಿದರು. ವಯಸ್ಸಾಯಿತು, ಇನ್ನು ಕೀಲಿಯನ್ನು ಬೇರೆಯವರ ಕೈಗೆ ಕೊಡೋಣವೆಂಬ ಮಾತು ಎದ್ದಿತು. ನಾನು ಮನೆಗೆ ಬಂದು ಮಗುವಿನ ಚೀಲ ಒಗೆಯಲು ತೆಗೆದರೆ, ಒದ್ದೆ ಬಟ್ಟೆಯ ಸುರುಳಿಯಲ್ಲಿ ಗೊಂಚಲು! ಅವರ ಮನೆಗೆ ಓಡಿದೆ, ಸಮಿತಿಗೆ ನಿಜ ಹೇಳಿಬಿಡುತ್ತೇನೆಂದೆ. ಅವರು ಬಚ್ಚಲಿಗೆ ಹೋಗಿ ನಿಧಾನವಾಗಿ ಕೀಲಿ ತೊಳೆದರು.

“ಹೇಳಿದ್ರೆ ನಾಳೆಯಿಂದ ನೀವು ಚರ್ಚಿಗೆ ಬರಲ್ಲ. ಬೈಸಿಕೊಂಡು ನನಗೆ ಅಭ್ಯಾಸ ಇದೆ, ನಿಮಗಿಲ್ಲ. ನಾನು ಕೀಲಿ ಬಿಟ್ಟುಕೊಡೋ ದಿನದ ತನಕ ಬಾಯಿ ಬಿಡಬೇಡಿ.”

ಕೀಲಿ ಸಿಕ್ಕರೂ ಸಮಿತಿ ಕರಗಲಿಲ್ಲ. ಅದನ್ನು ಆಗಿನ ಕಾರ್ಯದರ್ಶಿಗಳ ವಶಕ್ಕೆ ಒಪ್ಪಿಸಿ, ಇವರ ಅಜಾಗರೂಕತೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿತು. ಇನ್ನಾದರೂ ಹೇಳಲೇ ಎಂದು ಕೇಳಿದೆ. “ಅವರು ಕಿತ್ಕೊಂಡಿದ್ದಾರೆ, ನಾನೆಲ್ಲಿ ಬಿಟ್ಟುಕೊಟ್ಟೆ?” ಎಂದರು. ಮೂರನೆಯ ಭಾನುವಾರ ಕಾರ್ಯದರ್ಶಿಗಳು ಎದ್ದದ್ದು ತಡವಾಗಿ, ಸಭೆಯೆಲ್ಲ ಬಿಸಿಲಲ್ಲಿ ನಿಂತಿತು. ಅಂದೇ ಕೀಲಿ ಹಳೆಯ ಜೇಬಿಗೆ ಮರಳಿತು. ಆ ಕಾರ್ಯದರ್ಶಿಗಳೇ ಈ ಸಂಪುಟದ ಸಂಪಾದಕರು. ಈ ಸಾಲಿಗೆ ಕತ್ತರಿ ಬೀಳದಿರಲಿ.

ಕಳೆದ ತಿಂಗಳು ಅವರು ಕೀಲಿಯನ್ನು ತಾವಾಗಿ ಬಿಟ್ಟುಕೊಟ್ಟರು. ನನ್ನ ಮಾತಿನ ಗಡುವು ತೀರಿತು. ನಡಾವಳಿಯ ಆ ಸಾಲನ್ನು ಹೊಡೆದುಹಾಕಿ, ತಪ್ಪನ್ನು ನಮ್ಮ ತಾಯಿಮಗಳ ಲೆಕ್ಕಕ್ಕೆ ಬರೆಯಬೇಕೆಂದು ಸಮಿತಿಯನ್ನು ಬೇಡುತ್ತೇನೆ. ಮಗಳೂ ಒಪ್ಪಿದ್ದಾಳೆ. ಪ್ರೀತಿ ಎಲ್ಲವನ್ನೂ ತಾಳಿಕೊಳ್ಳುತ್ತದೆಂದು ನಾನು ಪ್ರಸಂಗಗಳಲ್ಲಿ ಕೇಳಿದ್ದೆ. ಕಂಡದ್ದು ಅವರು ಕೀಲಿ ತೊಳೆಯುತ್ತಿದ್ದ ಆ ಬಚ್ಚಲಲ್ಲಿ.

ದೇವರು ಅವರಿಗೆ ದೀರ್ಘಾಯುಸ್ಸು ಕೊಡಲಿ, ಅವರ ಸೇವೆ ನಿಲ್ಲದಿರಲಿ. ನಿಲ್ಲುವ ಲಕ್ಷಣವೂ ಇಲ್ಲ. ಹೋದ ಭಾನುವಾರ ಹಿಂದಿನ ಬೆಂಚಿನಲ್ಲಿ ಒಂದು ಕೂಸು ಅತ್ತಾಗ ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಚರ್ಚಿನ ಕೀಲಿ ಇರಲಿಲ್ಲ, ಮನೆಯದನ್ನು ಕೊಟ್ಟರು. ಮಧ್ಯಾಹ್ನ ನಾನು ಆ ಬೀದಿಯಲ್ಲಿ ಬರುವಾಗ ಅವರೂ ಅವರ ಹೆಂಡತಿಯೂ ತಮ್ಮ ಮನೆಯ ಮೆಟ್ಟಿಲ ಮೇಲೆ, ಬೀಗಕ್ಕೆ ಬೆನ್ನು ಮಾಡಿ ಕುಳಿತಿದ್ದರು.

“ಆ ಕೂಸಿನ ಅಮ್ಮನಿಗೆ ಹೇಳ್ಬೇಡಿ,” ಎಂದರು.