ಸ್ಟೆರೈಲ್‌ಗೆ ನಾನು ಹುಡುಕಿದ ಕನ್ನಡ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕುಣಿಗಲ್‌ನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಊರಲ್ಲಿ ಎಲ್ಲಿ ಮೈಕು ಕಂಡರೂ ಹೋಗಿ ಹಿಡಿಯುವ ಚಟ. ಹೀಗಾಗಿ ನಮ್ಮ ಶಾಲೆಯಲ್ಲೇ ಉಚಿತ ಕಣ್ಣಿನ ಕ್ಯಾಂಪು ನಡೆದಾಗ, ಡಾಕ್ಟರ ಇಂಗ್ಲಿಷನ್ನು ಜನರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಘನಕಾರ್ಯ ನನ್ನ ಪಾಲಿಗೆ ಬಂತು.

ಪೊರೆ ತೆಗೆಸಲು ಕೊತ್ತಗೆರೆಯ ನನ್ನ ಸೋದರತ್ತೆಯೂ ಬಂದಿದ್ದಳು. ಬಲವಂತ ಮಾಡಿ ಕರೆಸಿದವನು ನಾನೇ. ಎಡಗಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಬಲಗಣ್ಣೊಂದೇ, ಅದರಲ್ಲೂ ಬರೀ ಮಂಜು. "ಅಕ್ಕೀಲಿರೋ ಕಲ್ಲು ಕಂಡ್ರೆ ಸಾಕು ಕಣಪ್ಪ, ಸೊಸೆ ಕೈಲಿ ಬೈಸ್ಕೊಳ್ಳೋದು ತಪ್ತದೆ" ಎನ್ನುತ್ತಿದ್ದಳು.

ತುಮಕೂರಿನಿಂದ ಬಂದ ಡಾಕ್ಟರು ಕುದಿಸಿಟ್ಟ ಕತ್ತರಿ, ಚಾಕುಗಳ ಟ್ರೇ ತೋರಿಸಿ, "ಇದೆಲ್ಲ ಸ್ಟೆರೈಲ್. ಯಾರೂ ಮುಟ್ಟಬಾರದು ಅಂತ ಹೇಳಿ" ಎಂದರು. ನನ್ನ ಬಾಯಿಗೆ ಬಂದ ಕನ್ನಡ ಒಂದೇ. "ಇದು ಮಡಿ! ಯಾರೂ ಮೈಲಿಗೆ ಮಾಡಬೇಡಿ!" ಎಂದು ಮೈಕಿನಲ್ಲಿ ಕೂಗಿದೆ. ಜನಕ್ಕೆ ತಕ್ಷಣ ಅರ್ಥವಾಯಿತು. ಡಾಕ್ಟರೂ ಮೆಚ್ಚಿ ತಲೆಯಾಡಿಸಿದರು. ನಾನು ಉಬ್ಬಿಹೋದೆ.

ಅರ್ಥ ತುಸು ಹೆಚ್ಚಾಗಿಯೇ ಆಗಿತ್ತು. ಕ್ಯಾಂಪಿನ ಅಧ್ಯಕ್ಷರು ಗುಬ್ಬಿಯ ಕೊಬ್ಬರಿ ಮಂಡಿಯ ಯಜಮಾನರು. ಹಣೆತುಂಬ ವಿಭೂತಿ, ರೇಷ್ಮೆ ಪಂಚೆ, ಕೈಯಲ್ಲೊಂದು ಹಿತ್ತಾಳೆ ಗಿಂಡಿ. ಆಪರೇಷನ್ ಕೋಣೆಯ, ಅಂದರೆ ಏಳನೇ ಕ್ಲಾಸಿನ, ಬಾಗಿಲಲ್ಲಿ ನರ್ಸು ಅವರನ್ನು ತಡೆದಳು.

"ನಾನೂ ಮಡೀಲೇ ಇದೀನಮ್ಮ. ಬೆಳಗ್ಗೆಯಿಂದ ಒಂದ್ ತೊಟ್ಟು ಕಾಫಿ ಕುಡ್ದಿಲ್ಲ. ಬೇಕಾದ್ರೆ ಮೇಷ್ಟ್ರನ್ನ ಕೇಳು" ಎಂದರು. ನಾನು ಹೌದೌದು ಎಂದೆ.

ಡಾಕ್ಟರು ಹಿಂದುಗಡೆ ಕೈ ತೊಳೆಯುತ್ತಿದ್ದರು. ಯಜಮಾನರು ಗಿಂಡಿಯ ತೀರ್ಥವನ್ನು ಟ್ರೇ ಮೇಲೆ ಚಿಮುಕಿಸಿದರು, ಚಾಕುಗಳನ್ನು ಒಂದೊಂದಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೊದಲು ಚಪ್ಪಾಳೆ ತಟ್ಟಿದವನು ನಾನು. ಮತ್ತೆ ಕುದಿಸಬೇಕೆಂದು ನರ್ಸು ಗೋಗರೆದಳು. "ತೀರ್ಥ ಬಿದ್ದಿದ್ದನ್ನ ಕುದಿಸ್ತಾರೇನಮ್ಮ?" ಎಂದು ಯಜಮಾನರು ಗದರಿದ ಮೇಲೆ ಅವಳ ಬಾಯಿ ಕಟ್ಟಿತು.

ಮೊದಲನೇ ಸರದಿ ಅತ್ತೆಯದು. ಶಿಫಾರಸು ನನ್ನದೇ.

ಮೂರನೇ ದಿನ ಪಟ್ಟಿ ಬಿಚ್ಚಿದರೆ ಕಣ್ಣುತುಂಬ ಕೀವು. "ಬ್ಯಾಕ್ಟೀರಿಯಾ ಒಳಗೆ ಹೋಗಿದೆ. ಕಣ್ಣು ಉಳಿಯಲ್ಲ. ನೀವೇ ತಿಳಿಸಿ ಹೇಳಿ" ಎಂದು ಡಾಕ್ಟರು ತಲೆ ತಗ್ಗಿಸಿದರು.

"ಏನಂತಪ್ಪ?" ಎಂದಳು ಅತ್ತೆ.

ಬ್ಯಾಕ್ಟೀರಿಯಾಕ್ಕೂ ನನ್ನ ಬಳಿ ಕನ್ನಡ ಒಂದೇ ಇತ್ತು. "ಮೈಲಿಗೆ ಆಗಿದೆಯಂತೆ ಅತ್ತೆ. ಕಣ್ಣು ಹೋಯ್ತಂತೆ."

ಅವಳು ತಡವರಿಸಿ ನನ್ನ ಕೈ ಹಿಡಿದುಕೊಂಡು, ಯಾರಿಗೂ ಕೇಳಿಸದಂತೆ ಹೇಳಿದಳು: "ನಂದೇ ತಪ್ಪು ಕಣಪ್ಪ. ಅವತ್ತು ಬಸ್ಸಿಗೆ ಹೊತ್ತಾಯ್ತು ಅಂತ ತಲೆಗೆ ನೀರು ಹಾಕ್ಕೊಳ್ದೆ ಬಂದ್ಬುಟ್ಟೆ. ಡಾಕ್ಟ್ರಿಗೆ ಹೇಳ್ಬೇಡ, ಪಾಪ, ನೊಂದ್ಕೋತಾರೆ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೂ ಬಾಯಿಂದ ಬಂದದ್ದು ಇಷ್ಟೇ: "ಹೇಳಲ್ಲ ಬುಡತ್ತೆ."