ಬೂದಿ ಬಿದ್ದ ವಾರ ಬಂದ ಮದುವಣಿಗ

ಬೆಂಕಿ ಉಗುಳುವ ಎಟ್ನಾ ಬೆಟ್ಟದ ಬುಡದಲ್ಲಿ, ಕಡಲಿಗೆ ಮುಖ ಮಾಡಿ ಕೂತಿರುವ ನಮ್ಮೂರಲ್ಲಿ ಇಬ್ಬರು ಕನ್ಯೆಯರಿದ್ದರು. ಒಬ್ಬಳಿಗೆ ಅರವತ್ತಾರು ವರ್ಷ. ಇನ್ನೊಬ್ಬಳ ವಯಸ್ಸು ಯಾರಿಗೂ ಗೊತ್ತಿಲ್ಲ. ಮೊದಲನೆಯವಳು ಅಗಾತಿನಾ, ಊರ ಸಸ್ಯೋದ್ಯಾನದ ಮಾಲಿ. ಎರಡನೆಯವಳು ಆ ಉದ್ಯಾನದ ನಡುವೆ ನಿಂತಿದ್ದ ಆಫ್ರಿಕಾದ ಸೈಕಾಡ್ ಗಿಡ. ಮೊಸಳೆಯ ಬೆನ್ನಿನಂಥ ಕಾಂಡ, ಅದರ ನೆತ್ತಿಯಲ್ಲಿ ಮುಳ್ಳುಮುಳ್ಳಾದ ನೀಲಿ ಗರಿಗಳ ಕಿರೀಟ. ನೂರು ವರ್ಷಕ್ಕೂ ಹಿಂದೆ ಯಾವನೋ ಜಮೀನುದಾರ ಹಡಗಿನಲ್ಲಿ ತರಿಸಿದಾಗಲೇ ಅವಳು ಮುದುಕಿಯಾಗಿದ್ದಳಂತೆ. ಅವಳು ಹುಟ್ಟಿದ ಗುಡ್ಡಗಳಲ್ಲಿ ಈಗ ಅವಳ ಜಾತಿಯವು ಬೆರಳೆಣಿಕೆಯಷ್ಟೂ ಇಲ್ಲ. ಕಳ್ಳರು ಬುಡಸಮೇತ ಕಿತ್ತು ಮಾರಿಬಿಟ್ಟರು.

ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪಪ್ಪಾಯಿಯ ಹಾಗೆ. ನಮ್ಮವಳು ಹೆಣ್ಣು. ಇಡೀ ಸಿಸಿಲಿಯಲ್ಲಿ ಅವಳಿಗೊಂದು ಗಂಡಿರಲಿಲ್ಲ.

ಉದ್ಯಾನದ ಬಾಗಿಲಲ್ಲೇ ಆಲ್ಫಿಯುವಿನ ಮೀನಿನ ಅಂಗಡಿ. ದಿನಾ ಬೆಳಗ್ಗೆ ಅಗಾತಿನಾ ಬೀಗ ತೆಗೆಯುವಾಗ ಅವನದು ಒಂದೇ ಪ್ರಶ್ನೆ.

"ದೊನ್ನಾ ಅಗಾತಿನಾ, ನಿಮ್ಮಕ್ಕನಿಗೆ ಗಂಡು ಸಿಕ್ತಾ?"

"ಸಿಕ್ಕಿದ್ದ ಕಣೋ. ಬಾಗಿಲ ತನಕ ಬಂದ, ನಿನ್ನ ಮೀನಿನ ನಾತಕ್ಕೆ ಹಾಗೇ ವಾಪಸ್ ಹೋದ."

ಮೂವತ್ತು ವರ್ಷ ಇದೇ ಮಾತು, ಇದೇ ಉತ್ತರ. ಇಬ್ಬರಿಗೂ ಬೇಸರವಾಗಿರಲಿಲ್ಲ.

ಅಗಾತಿನಾ ನಿಂಬೆತೋಟದ ಕೂಲಿಯವರ ಮಗಳು. ಹತ್ತೊಂಬತ್ತನೆಯ ವಯಸ್ಸಿಗೆ ಕುಂಡ ತೊಳೆಯುವ ಕೆಲಸಕ್ಕೆ ಬಂದವಳು. ಇಪ್ಪತ್ತನಾಲ್ಕರಲ್ಲಿದ್ದಾಗ ಮುದುಕಿಯ ನೆತ್ತಿಯಲ್ಲಿ ಅನಾನಸ್ಸಿನಂಥ ದೊಡ್ಡ ಗೊಂಡೆ ಎದ್ದಿತು. ತಿಂಗಳುಗಳ ಮೇಲೆ ಅದು ಬಿಚ್ಚಿ, ಕಿತ್ತಳೆ ಬಣ್ಣದ ಬೀಜ ರಾಶಿರಾಶಿ ಉದುರಿದವು. ಅಗಾತಿನಾ ಒಂದೊಂದನ್ನೂ ಆಯ್ದು ಮರಳಲ್ಲಿ ಊರಿದಳು. ಹದಿನಾಲ್ಕು ತಿಂಗಳು ನೀರು ಹಾಕಿದಳು. ಕೊನೆಗೆ ಆಗಿನ ಹಿರಿಯ ಮಾಲಿ ಒಂದು ಬೀಜ ಒಡೆದು ತೋರಿಸಿದ. ಒಳಗೆ ಬರೀ ಹಿಟ್ಟು, ಕುಡಿ ಇಲ್ಲ.

"ಗಂಡಿಲ್ಲದೆ ಮಗು ಆಗುತ್ತೇನೇ ಪೆದ್ದಿ?" ಎಂದು ನಕ್ಕನಂತೆ. ಸೈಕಾಡ್ ಗಂಡಿಲ್ಲದೆಯೂ ಬೀಜ ಬಿಡುತ್ತದೆ, ನೋಡುವುದಕ್ಕೆ ಸೊಗಸಾಗಿಯೂ ಇರುತ್ತದೆ, ಆದರೆ ಪೊಳ್ಳು. ಅವತ್ತು ಇದನ್ನು ಕಲಿತ ಅಗಾತಿನಾ ಮತ್ತೆ ಮರೆಯಲಿಲ್ಲ, ಆ ನಗುವನ್ನೂ ಮರೆಯಲಿಲ್ಲ. ಆಮೇಲೆ ಎರಡು ಸಲ ಗೊಂಡೆ ಬಂತು. ಎರಡು ಸಲವೂ ಊರೂರಿನ ಉದ್ಯಾನಗಳಿಗೆ ಕಾಗದ ಹೋಯಿತು. ಗಂಡು ಇದ್ದಲ್ಲಿ ಗೊಂಡೆ ಇಲ್ಲ, ಗೊಂಡೆ ಇದ್ದಲ್ಲಿ ಪರಾಗ ಹಳಸಿತ್ತು.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಮಳೆ ಬಿಡಲೇ ಇಲ್ಲ. ವಸಂತದಲ್ಲಿ ಅಗಾತಿನಾ ಕಾಂಡವನ್ನು ಗೆಣ್ಣಿನಿಂದ ಬಡಿದು ನೋಡಿದಳು, ಕಲ್ಲಂಗಡಿ ಬಡಿದು ನೋಡುತ್ತಾರಲ್ಲ ಹಾಗೆ. ಟೊಳ್ಳು ಸದ್ದು. ಬುಡ ಕೊಳೆಯುತ್ತಿತ್ತು. ಅದೇ ಬೇಸಿಗೆಯಲ್ಲಿ ಮುದುಕಿಯ ನೆತ್ತಿಯಲ್ಲಿ ಒಂದಲ್ಲ, ಮೂರು ಗೊಂಡೆ ಎದ್ದವು. ಸಾಯುವ ಗಿಡ ಕೊನೆಯ ಬಾರಿ ಮೈತುಂಬಾ ಬಿಡುತ್ತದೆ ಎಂಬುದು ನಿಂಬೆತೋಟದವರಿಗೆಲ್ಲ ಗೊತ್ತು. ಈ ಸಲ ಮಕ್ಕಳಾಗದಿದ್ದರೆ ಇನ್ನಿಲ್ಲ.

ಉದ್ಯಾನದ ಹೊಸ ಮುಖ್ಯಸ್ಥ ಡಾಕ್ಟರ್ ಸಾಯಿತ್ತಾ, ಮಿಲಾನಿನಲ್ಲಿ ಹುಟ್ಟಿ ಬೆಳೆದವನು. ಅವನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಗಂಡನ್ನು ಪತ್ತೆ ಮಾಡಿದ. ಚೆಕ್ ದೇಶದ ಪ್ಲ್ಜೆನ್ ಊರಲ್ಲಿ ಲಿಬೋರ್ ಎಂಬ ನಿವೃತ್ತ ಟ್ರಾಮ್ ಚಾಲಕ, ಮನೆ ಹಿತ್ತಲ ಗಾಜಿನ ಮನೆಯಲ್ಲಿ ಸೌದೆ ಒಲೆ ಉರಿಸಿ ಸೈಕಾಡ್ ಸಾಕುವವನು. ಅವನ ಗಂಡು ಗಿಡ ಹಿಂದಿನ ವರ್ಷವೇ ಗೊಂಡೆ ಬಿಟ್ಟಿತ್ತು. ಪರಾಗವನ್ನು ಅವನು ಫ್ರೀಜರಿನಲ್ಲಿ, ಹೆಂಡತಿ ಮಾಡಿಟ್ಟ ಹಿಟ್ಟಿನ ಉಂಡೆಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದ. ಅದನ್ನು ಯಾವಾಗ ಹೊರಗೆ ಹಾಕುತ್ತೀಯೆಂದು ಹೆಂಡತಿ ದಿನಾ ಕೇಳುತ್ತಿದ್ದಳಂತೆ. ಕರಗಿದ ಪರಾಗಕ್ಕೆ ಆಯುಸ್ಸು ಕಮ್ಮಿ. ಹೆಣ್ಣು ಬಾಗಿಲು ತೆರೆದಳೆಂಬ ಸುದ್ದಿ ಬಂದ ಮೇಲೇ ಕಳಿಸುವುದು ಎಂದು ಮಾತಾಯಿತು.

ಬಾಗಿಲು ತೆರೆದದ್ದು ತಿಳಿಯುವುದು ಹೇಗೆ? ಗೊಂಡೆಯ ಚಿಪ್ಪುಗಳ ನಡುವೆ ನಾಲ್ಕೈದು ದಿನ ಮಾತ್ರ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಸಾಯಿತ್ತಾ ಅದಕ್ಕೊಂದು ಅಳತೆಯ ತಗಡು ತರಿಸಿದ್ದ. ಅಗಾತಿನಾ ಏಪ್ರನ್ ಜೇಬಿನಿಂದ ತೆಗೆದದ್ದು ಸಂತ ಅಗಾತಾಳ ಚಿತ್ರದ ಚೀಟಿ, ಪ್ರಾರ್ಥನೆಗೆಂದು ಎಲ್ಲ ಹೆಂಗಸರೂ ಇಟ್ಟುಕೊಳ್ಳುವಂಥದು. ದಿನಾ ಬೆಳಗ್ಗೆ ಅದನ್ನು ಚಿಪ್ಪಿನ ನಡುವೆ ತೂರಿಸಿ ನೋಡುವಳು. ಸೆಪ್ಟೆಂಬರಿನ ಒಂದು ಸೋಮವಾರ ಚೀಟಿ ಸಂತಳ ಮೊಣಕಾಲ ತನಕ ಒಳಗೆ ಹೋಯಿತು.

"ಫೋನ್ ಮಾಡಿ ಡಾಕ್ಟರೇ," ಎಂದಳು. "ಹುಡುಗಿ ಒಪ್ಪಿದ್ದಾಳೆ."

ಮರುದಿನದ ವಿಮಾನದಲ್ಲಿ ಪರಾಗದ ಪೆಟ್ಟಿಗೆ ಕಳಿಸುವುದೆಂದು ನಿಶ್ಚಯವಾಯಿತು. ಆದರೆ ಮಂಗಳವಾರ ಬೆಳಗಾಗುವಷ್ಟರಲ್ಲಿ ಎಟ್ನಾ ಕೆಮ್ಮಿತು. ಕಪ್ಪು ಬೂದಿ ಜೀರಿಗೆ ಉದುರಿದ ಹಾಗೆ ಟಪಟಪ ಬೀಳತೊಡಗಿತು. ಊರವರು ಕೊಡೆ ಬಿಚ್ಚಿಕೊಂಡು ಹಾಲು ತರಲು ಹೋದರು. ಕತಾನಿಯಾದ ವಿಮಾನ ನಿಲ್ದಾಣ ಮುಚ್ಚಿತು.

ಅಗಾತಿನಾ ಓಡಿಬಂದು ನೋಡಿದರೆ, ಸಾಯಿತ್ತಾ ಗೊಂಡೆ ತೊಳೆಯಲು ನೀರಿನ ಪೈಪು ಹಿಡಿದು ನಿಂತಿದ್ದ. ಮಿಲಾನಿನವನಿಗೆ ಎಟ್ನಾದ ಬೂದಿ ಏನು ಗೊತ್ತು? ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಬೂದಿಯನ್ನು ಗುಡಿಸಬೇಕೇ ಹೊರತು ತೊಳೆಯಬಾರದು. ನೀರು ಸೋಕಿತೋ, ಸಿಮೆಂಟು. ಅವಳು ಪೈಪನ್ನು ಮಡಿಸಿ ಕಂಕುಳಲ್ಲಿ ಅವುಚಿಕೊಂಡಳು.

"ಡಾಕ್ಟರೇ, ನೀವು ದೊಡ್ಡ ಓದು ಓದಿದೋರು. ಆದ್ರೆ ಇವಳ ಬಾಯಿಗೆ ಗಾರೆ ಮೆತ್ತಬೇಡಿ."

ಸಾಯಿತ್ತಾ ಕೆಂಪಾದ, ಪೈಪು ಬಿಟ್ಟ. ಮನುಷ್ಯ ಒಳ್ಳೆಯವನೇ; ಮತ್ತೆಂದೂ ಆ ಪೈಪು ಮುಟ್ಟಲಿಲ್ಲ. ಅಗಾತಿನಾ ಏಣಿ ಹತ್ತಿ, ಕೋಳಿಗರಿಯಿಂದ ಒಂದೊಂದು ಚಿಪ್ಪಿನ ಬೂದಿಯನ್ನೂ ಸವರಿ ತೆಗೆದಳು. ತೆಗೆದಷ್ಟೂ ಬೀಳುತ್ತಿತ್ತು. ಅವಳ ಪುಟ್ಟ ಕೊಡೆ ಮೂರು ಗೊಂಡೆಗೆ ಸಾಲಲಿಲ್ಲ.

ಆಗ ಬಾಗಿಲ ಕಡೆಯಿಂದ ಒಂದು ಕೆಂಪು ಬಿಳಿ ಪಟ್ಟೆಯ ಛತ್ರಿ ನಡೆದುಕೊಂಡು ಬಂತು. ಕೆಳಗೆ ಆಲ್ಫಿಯು. ಮೀನಿನ ಅಂಗಡಿಯ ಛತ್ರಿಯನ್ನೇ ಕಿತ್ತು ಹೊತ್ತು ತಂದಿದ್ದ.

"ಮತ್ತೆ ಮೀನು?" ಎಂದಳು ಅಗಾತಿನಾ.

"ಬೂದಿ ಮೆತ್ತಿದ ಮೀನು ಯಾರು ತಗೋತಾರೆ? ಇಲ್ಲೇ ನಿಂತಿರ್ತೀನಿ. ಮೂವತ್ತು ವರ್ಷದಿಂದ ಗಂಡು ಗಂಡು ಅಂದೋನು, ಮದುವೆ ದಿನ ಮನೇಲಿ ಕೂರಕ್ಕಾಗುತ್ತಾ?"

ಲಿಬೋರ್‌ಗೆ ಸುದ್ದಿ ಹೋಯಿತು. ತಾನೇ ರೈಲಿನಲ್ಲಿ ತರುತ್ತೇನೆಂದ. ಮಂಜುಗಡ್ಡೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮ್ಯೂನಿಕ್ ದಾಟಿದ, ರೋಮ್ ದಾಟಿದ. ಮೆಸ್ಸಿನಾ ಜಲಸಂಧಿಯಲ್ಲಿ ಕಡಲು ದಾಟಿಸಲು ರೈಲನ್ನು ಬೋಗಿ ಬೋಗಿಯಾಗಿ ಬಿಡಿಸಿ ಹಡಗಿನ ಹೊಟ್ಟೆಗೆ ತುಂಬಿದಾಗ, ನಲವತ್ತು ವರ್ಷ ಟ್ರಾಮ್ ಓಡಿಸಿದ ಆ ಮನುಷ್ಯ ಎದ್ದು ನಿಂತು ಟೋಪಿ ತೆಗೆದನಂತೆ.

ಇತ್ತ ಬುಧವಾರ ಒಂದು ಗೊಂಡೆಯಲ್ಲಿ ಚೀಟಿ ಹೋಗದಾಯಿತು. ಗುರುವಾರ ಬೆಳಗ್ಗೆ ಎರಡನೆಯದೂ ಮುಚ್ಚಿತು. ಮೂರನೆಯದರ ಕೆಳಸುತ್ತಿನಲ್ಲಿ ಮಾತ್ರ ಸಂತಳ ಪಾದದಷ್ಟು ಚೀಟಿ ಒಳಗೆ ಹೋಗುತ್ತಿತ್ತು. ಅಗಾತಿನಾ ಮಾತು ನಿಲ್ಲಿಸಿದಳು. ಅವಳನ್ನು ನೋಡಿ ಆಲ್ಫಿಯುವೂ ನಿಲ್ಲಿಸಿದ. ಊರಿಗೆ ಬೂದಿಗಿಂತ ಇದರಿಂದಲೇ ಹೆಚ್ಚು ಭಯವಾಯಿತು.

ಹನ್ನೊಂದು ಗಂಟೆಗೆ ಲಿಬೋರ್ ಬಂದ. ಉದ್ದನೆಯ ಆಳು, ಕಣ್ಣು ಕೆಂಪಾಗಿತ್ತು. ಆಲ್ಫಿಯುವಿನ ಹೆಂಡತಿ ಬದನೆಕಾಯಿ ಹಾಕಿದ ಪಾಸ್ತಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಗಾತಿನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವನ ತೋಳು ಹಿಡಿದು ಏಣಿಯ ಬುಡಕ್ಕೆ ಎಳೆದೊಯ್ದಳು. ಬಂದ ಅತಿಥಿಗೆ ಊಟ ಹಾಕದೆ ಕೆಲಸ ಹೇಳಿದ್ದು ನಮ್ಮೂರ ಚರಿತ್ರೆಯಲ್ಲೇ ಅದೊಂದು ಸಲ.

ಲಿಬೋರ್ ಪರಾಗ ಊದಲು ಒಂದು ಪುಟ್ಟ ಯಂತ್ರ ತಂದಿದ್ದ. ಗಾಳಿಯಲ್ಲಿದ್ದ ಬೂದಿ ನುಗ್ಗಿ ಅದು ಎರಡು ಸಲ ಗೊರಗುಟ್ಟಿ ಸತ್ತಿತು. ಅಗಾತಿನಾ ಏಪ್ರನ್ ಜೇಬಿಗೆ ಕೈ ಹಾಕಿ ಹೊರತೆಗೆದದ್ದು, ಕೂಸುಗಳಿಗೆ ಹೊಟ್ಟೆ ಕಟ್ಟಿದಾಗ ಎನಿಮಾ ಕೊಡುವ ರಬ್ಬರ್ ಬುರುಡೆ. ಆಲ್ಫಿಯುವಿಗೆ ಛತ್ರಿ ಅಲ್ಲಾಡುವಷ್ಟು ನಗು.

"ಛತ್ರಿ ನೆಟ್ಟಗೆ ಹಿಡಿ," ಎಂದಳು, "ಇಲ್ಲಾಂದ್ರೆ ಮುಂದಿನದು ನಿನಗೇ."

ಗಾಜಿನ ಸೀಸೆಯಲ್ಲಿದ್ದ ತೆಳು ಹಳದಿ ಹುಡಿಯನ್ನು ಬುರುಡೆಗೆ ತುಂಬಿ, ಕೆಳಸುತ್ತಿನ ಸಂದು ಸಂದಿಗೂ ಮೂತಿ ಇಟ್ಟು ಪುಸ್ ಪುಸ್ ಎಂದು ಒತ್ತಿದಳು. ಶುಕ್ರವಾರ ಮತ್ತೊಮ್ಮೆ. ಶನಿವಾರ ಚೀಟಿ ಎಲ್ಲಿಯೂ ಹೋಗಲಿಲ್ಲ. ಬೂದಿಯೂ ನಿಂತಿತು. ಊರೆಲ್ಲ ಪೊರಕೆ ಹಿಡಿದು ಚಾವಣಿ ಗುಡಿಸಿತು. ಬೇರೆಯವರು ಬೂದಿಯನ್ನು ಚೀಲ ಕಟ್ಟಿ ಬೀದಿ ಬದಿಗಿಟ್ಟರೆ, ಅಗಾತಿನಾ ನಾಲ್ಕು ಚೀಲ ಒಳಗೆ ತಂದಿಟ್ಟುಕೊಂಡಳು.

ಏಪ್ರಿಲ್‌ನಲ್ಲಿ ಗೊಂಡೆ ಬಿಚ್ಚಿತು. ಕಿತ್ತಳೆ ಸಿಪ್ಪೆಯಲ್ಲಿ ವಿಷ. ಕೈಗವಸು ತೊಟ್ಟು ಸುಲಿದು ಬೀಜಗಳನ್ನು ಬಕೆಟ್ ನೀರಿಗೆ ಹಾಕಿದಳು. ಪೊಳ್ಳಾದವು ತೇಲುತ್ತವೆ. ಹಿಂದಿನ ಎರಡು ಸಲವೂ ಬಕೆಟ್ಟಿನ ಮೇಲೆಲ್ಲ ಬೀಜದ ಕೆನೆ ಕಟ್ಟಿತ್ತು. ಈ ಸಲವೂ ಮೇಲಿನ ಸುತ್ತಿನವು ತೇಲಿದವು. ಕೆಳಸುತ್ತಿನ ಮೂವತ್ತೊಂದು ಬೀಜ ಕಲ್ಲಿನ ಹಾಗೆ ತಳಕ್ಕಿಳಿದವು. ಆದರೂ ಅವಳು ನಗಲಿಲ್ಲ. ಮುಳುಗಿದ್ದೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ಒಡೆದೇ ನೋಡಬೇಕು. ಐದು ಒಡೆಯೋಣ ಎಂದ ಸಾಯಿತ್ತಾ. ಒಂದೇ ಎಂದಳು ಅಗಾತಿನಾ, ಅದೂ ಆರು ತಿಂಗಳು ಮಾಗಿದ ಮೇಲೆ.

ಆ ಮಾಗಿಸುವ ತಿಂಗಳುಗಳಲ್ಲೇ ಅವಳ ನಿವೃತ್ತಿ ಬಂತು, ಕೇಕು ಕತ್ತರಿಸಿದರು, ಭಾಷಣವಾಯಿತು. ಬೀಗದ ಕೈಯನ್ನು ಯಾರೂ ವಾಪಸ್ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಮುದುಕಿಯ ಕಿರೀಟ ಬೇಸಿಗೆಯಲ್ಲೇ ಒಂದು ಪಕ್ಕಕ್ಕೆ ವಾಲಿತ್ತು.

ಅಕ್ಟೋಬರ್‌ನಲ್ಲಿ ಒಂದು ಬೀಜವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹದವಾಗಿ ತಟ್ಟಿ ಬಿಡಿಸಿದಳು. ಬಿಳಿಯ ತಿರುಳಿನ ನಡುವೆ, ಕೂದಲೆಳೆಯ ಸುರುಳಿಯ ತುದಿಗೆ ಜೋತುಬಿದ್ದ ಒಂದು ಪುಟ್ಟ ಕುಡಿ. ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡು ನೋಡಿದಳು. ಕುಡಿ ಅಲ್ಲೇ ಇತ್ತು. ಸಾಯಿತ್ತಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಕಚೇರಿಗೆ ಓಡಿಹೋಗಿ ಪ್ಲ್ಜೆನ್‌ಗೆ ಫೋನ್ ಹಚ್ಚಿದ. ಆ ತುದಿಯಲ್ಲಿ ಲಿಬೋರ್‌ನ ಹೆಂಡತಿ ಅತ್ತಳಂತೆ; ಅಥವಾ ಫ್ರೀಜರ್ ಖಾಲಿಯಾದ ಖುಷಿಗೆ ನಕ್ಕಳೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಅಗಾತಿನಾ ಎತ್ತಿಟ್ಟಿದ್ದ ಬೂದಿ ಬೆರೆಸಿದ ಮಣ್ಣಿನಲ್ಲಿ ಮೂವತ್ತು ಬೀಜ ಊರಿದರು, ಇಪ್ಪತ್ತಾರು ಮೊಳೆತವು. ಮುದುಕಿ ಅವುಗಳ ಮೊದಲ ಗರಿ ಬಿಚ್ಚುವುದನ್ನು ನೋಡಿಕೊಂಡೇ ಮಲಗಿದಳು ಎಂದು ಊರವರು ಹೇಳುತ್ತಾರೆ. ಎಂಟು ಸಸಿ ಪ್ಲ್ಜೆನ್‌ಗೆ ಹೋದವು. ಆರನ್ನು ಅವಳು ಹುಟ್ಟಿದ ದೇಶದ ಉದ್ಯಾನಕ್ಕೆ ಕಳಿಸಲು ಕಾಗದಪತ್ರ ನಡೆದಿದೆ. ಉಳಿದವು ಇಲ್ಲೇ, ಅಗಾತಿನಾಳ ಕಣ್ಣೆದುರಿಗೆ.

ಈಗ ಬೆಳಗ್ಗೆ ಅವಳು ಬೀಗ ತೆಗೆಯುವಾಗ ಆಲ್ಫಿಯುವಿನ ಪ್ರಶ್ನೆ ಬದಲಾಗಿದೆ.

"ಅಜ್ಜೀ, ಮೊಮ್ಮಕ್ಕಳಿಗೆ ಇವತ್ತು ಯಾವ ಮೀನು ಕಟ್ಟಲಿ?"

"ನಿನ್ನ ಮೀನು ನೀನೇ ಇಟ್ಕೋ," ಎನ್ನುತ್ತಾಳೆ ಅಗಾತಿನಾ, ಬಾಗಿಲು ದೂಡಿ ಒಳಗೆ ಹೋಗುತ್ತ. "ನನ್ನ ಮೊಮ್ಮಕ್ಕಳು ಎಟ್ನಾದ ಬೂದಿ ಉಂಡು ಬೆಳೆದೋರು."